ಗಿಡಮೂಲಿಕೆ ಕಲಿಯಲು ಹೋದವಳಿಗೆ ಮೊದಲ ವರ್ಷವೆಲ್ಲ ಮೂಳೆಗಳೇ: ಇದು ಸರಿಯೇ?

ಡೊಂಬಿವಲಿಯ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಈಗ ಕರ್ನಾಟಕದ ಕರಾವಳಿಯ ಒಂದು ಕಾಲೇಜಿನಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಅಂದರೆ ಬಿ.ಎನ್.ವೈ.ಎಸ್. ಮೊದಲ ವರ್ಷದಲ್ಲಿದ್ದೇನೆ. ರಜೆಗೆ ಮನೆಗೆ ಬಂದಿದ್ದೇನೆ, ಹಿಂದಿರುಗಲು ಮನಸ್ಸಿಲ್ಲ.

ನಮ್ಮ ಅಜ್ಜಿ ಊರಿನಿಂದ ತಂದ ಒಂದೆಲಗವನ್ನು ಗ್ಯಾಲರಿಯ ಹಳೆಯ ಎಣ್ಣೆ ಡಬ್ಬಿಯಲ್ಲಿ ಬೆಳೆಸಿ ವಾರಕ್ಕೊಮ್ಮೆ ತಂಬುಳಿ ಮಾಡುತ್ತಿದ್ದರು. ಕೆಮ್ಮು ಬಂದರೆ ಆಡುಸೋಗೆ, ಹೊಟ್ಟೆನೋವಿಗೆ ಓಮ, ಮಕ್ಕಳ ನಾಲಿಗೆಗೆ ಬಜೆ. ಅದನ್ನೆಲ್ಲ ಶಾಸ್ತ್ರೀಯವಾಗಿ ಕಲಿಯಬೇಕೆಂಬ ಆಸೆಯಿಂದಲೇ ನಾನು ಈ ಪದವಿಗೆ ಸೇರಿದೆ. ಸೇರಿ ಎಂಟು ತಿಂಗಳಾದರೂ ತರಗತಿಯಲ್ಲಿ ಒಂದು ಎಲೆಯನ್ನೂ ಮುಟ್ಟಿಲ್ಲ. ಬೆಳಿಗ್ಗೆ ಅಂಗರಚನಾಶಾಸ್ತ್ರ, ಮಧ್ಯಾಹ್ನ ಶರೀರಕ್ರಿಯಾಶಾಸ್ತ್ರ, ನಡುವೆ ಜೀವರಸಾಯನಶಾಸ್ತ್ರ. ತೊಡೆಯ ಮೂಳೆಯೊಂದರ ಉಬ್ಬುತಗ್ಗುಗಳ ಹೆಸರು ಬಾಯಿಪಾಠ ಮಾಡಲು ಎರಡು ವಾರ ಹಿಡಿಯಿತು. ಜೀವರಸಾಯನದ ಆಂತರಿಕ ಪರೀಕ್ಷೆಯಲ್ಲಿ ನನಗೆ 50ಕ್ಕೆ 17 ಬಂದಿದೆ.

ಪುಣೆಯಲ್ಲಿರುವ ನನ್ನ ಗೆಳತಿ ಶನಿವಾರ, ಭಾನುವಾರದ ಒಂದು ಗಿಡಮೂಲಿಕೆ ತರಗತಿಗೆ ಹೋಗುತ್ತಾಳೆ. ಅವಳಿಗೆ ಈಗಾಗಲೇ ನಲವತ್ತು ಗಿಡಗಳ ಉಪಯೋಗ ಗೊತ್ತಿದೆ, ನೆಂಟರೆಲ್ಲ ಅವಳ ಬಳಿ ಔಷಧ ಕೇಳುತ್ತಾರೆ. ನಾನು ದಾರಿ ತಪ್ಪಿದೆನೇ? ಅಥವಾ ಮೊದಲ ವರ್ಷ ಹೀಗೆಯೇ ಇರಬೇಕೇ? ತಿಳಿದವರು ದಯವಿಟ್ಟು ಹೇಳಿ.

ಮುಲುಂದ್‌ನ ಅಮ್ಮ

ಫೀಸು ಕಟ್ಟುವ ಮೊದಲು ಪಠ್ಯಕ್ರಮ ನೋಡಲಿಲ್ಲವೇ ಮಗಳೇ?

ಹಿರಿಯ ವಿದ್ಯಾರ್ಥಿನಿ, ಪುಣೆ

ನಾನು ಅದೇ ಪದವಿ ಮುಗಿಸಿ ಈಗ ಪುಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಿನ್ನ ದುಃಖ ನನಗೆ ಅರ್ಥವಾಗುತ್ತದೆ ತಂಗಿ, ಆದರೆ ನಿನ್ನ ಮೊದಲ ತಪ್ಪು ಕಲ್ಪನೆಯನ್ನು ಸರಿಪಡಿಸದೆ ಮುಂದೆ ಹೋಗುವಂತಿಲ್ಲ. ನಮ್ಮ ದೇಶದಲ್ಲಿ ಪ್ರಕೃತಿ ಚಿಕಿತ್ಸೆ ಎಂದರೆ ಮೂಲತಃ ಔಷಧವಿಲ್ಲದ ಚಿಕಿತ್ಸೆ. ನೀರು, ಮಣ್ಣು, ಬಿಸಿಲು, ಉಪವಾಸ, ಆಹಾರ, ಮಾಲೀಸು ಇವೇ ಅದರ ಸಾಧನಗಳು. ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಪ್ರಕೃತಿ ಚಿಕಿತ್ಸಕರ ಪಾಠಪಟ್ಟಿಯಲ್ಲಿ ಗಿಡಮೂಲಿಕೆಯೂ ಸೇರಿರುತ್ತದೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಸೇರಿಕೊಂಡವರು ನಮ್ಮ ತರಗತಿಯಲ್ಲಿಯೂ ಏಳೆಂಟು ಮಂದಿ ಇದ್ದರು. ಇಲ್ಲಿ ಗಿಡಮೂಲಿಕೆಯ ಯಜಮಾನಿಕೆ ಇರುವುದು ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ಕೈಯಲ್ಲಿ.

ಪುಣೆಯಲ್ಲಿ ಕುಳಿತು ಇದನ್ನು ಬರೆಯುವಾಗ ಗಾಂಧೀಜಿಯ ನೆನಪು ಬಾರದಿರುವುದಿಲ್ಲ. ಅವರು ಇಲ್ಲಿ ಪ್ರಕೃತಿ ಚಿಕಿತ್ಸಕ ದಿನ್‌ಶಾ ಮೆಹ್ತಾ ಅವರ ಚಿಕಿತ್ಸಾಲಯದಲ್ಲಿ ಇಳಿದುಕೊಳ್ಳುತ್ತಿದ್ದರು. ರೈಲ್ವೆ ನಿಲ್ದಾಣದ ಹತ್ತಿರ ತಾಡಿವಾಲಾ ರಸ್ತೆಯಲ್ಲಿರುವ ಆ ಜಾಗದಲ್ಲಿಯೇ 1986ರಲ್ಲಿ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ಆರಂಭವಾಯಿತು. 1946ರಲ್ಲಿ ಗಾಂಧೀಜಿ ಪುಣೆಯ ಹತ್ತಿರದ ಉರಳಿಕಾಂಚನದ ಹಳ್ಳಿಗರಿಗಾಗಿ ಆಶ್ರಮ ತೆರೆದಾಗಲೂ ಒತ್ತು ಇದ್ದದ್ದು ಕಟಿಸ್ನಾನ (ಸೊಂಟದವರೆಗೆ ನೀರಿನಲ್ಲಿ ಕೂರುವುದು), ಮಣ್ಣಿನ ಪಟ್ಟಿ, ಆಹಾರ ಮತ್ತು ಶುಚಿತ್ವದ ಮೇಲೆ.

ಇನ್ನು ಮೂಳೆಯ ವಿಷಯ. ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದೆ ಎಂದು ಒಬ್ಬರು ಬರುತ್ತಾರೆ, ಮಾಲೀಸು ಮಾಡಿ ಎನ್ನುತ್ತಾರೆ. ಅದು ಬರಿಯ ಸ್ನಾಯುನೋವೋ, ಒಳಗಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವೋ? ಎರಡನೆಯದಾದರೆ ನಿನ್ನ ಮಾಲೀಸಿನಿಂದ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾಗಬಹುದು. ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಹೃದ್ರೋಗಿ ಎದ್ದು ನಿಲ್ಲುವಾಗ ಕುಸಿದು ಬೀಳಬಹುದು. ಮೊದಲ ವರ್ಷದಲ್ಲಿ ಕಲಿಸುವುದು ಇದನ್ನೇ.

ವಾಸ್ಕೊ ವಾಸಿ, ಆಯುರ್ವೇದ ವಿದ್ಯಾರ್ಥಿ

ಅಕ್ಕ ಹೇಳಿದ್ದನ್ನು ಓದಿ ಆಯುರ್ವೇದಕ್ಕೆ ಸೇರಿದರೆ ಮೊದಲ ದಿನವೇ ಗಿಡ ಸಿಗುತ್ತದೆ ಎಂದು ಯಾರೂ ಭಾವಿಸಬಾರದು ಎಂದು ಈ ಉತ್ತರ. ನಮ್ಮದು ಬಿ.ಎ.ಎಂ.ಎಸ್. ಈಗಿನ ನಿಯಮದಂತೆ ಮೊದಲ ಘಟ್ಟವೇ ಹದಿನೆಂಟು ತಿಂಗಳು. ಆ ಅವಧಿಯಲ್ಲಿ ನಾವು ಓದುವುದು ಸಂಸ್ಕೃತ, ಆಯುರ್ವೇದದ ಮೂಲತತ್ತ್ವಗಳಾದ ಪದಾರ್ಥವಿಜ್ಞಾನ, ಅಂಗರಚನೆಯ ರಚನಾಶಾರೀರ, ಶರೀರಕ್ರಿಯೆಯ ಕ್ರಿಯಾಶಾರೀರ, ಜೊತೆಗೆ ಸಂಹಿತೆ ಎಂಬ ಹಳೆಯ ವೈದ್ಯಗ್ರಂಥದ ಪಾಠ. ಗಿಡಗಳ ವಿಷಯವಾದ ದ್ರವ್ಯಗುಣ ಬರುವುದು ಎರಡನೆಯ ಘಟ್ಟದಲ್ಲಿ.

ಮೂಳೆಯ ವಿಷಯದಲ್ಲಿ ನಮ್ಮ ಕಷ್ಟ ನಿಮಗಿಂತ ಹೆಚ್ಚು. ಚರಕನ ಪ್ರಕಾರ ಮೂಳೆಗಳು 360, ಸುಶ್ರುತನ ಪ್ರಕಾರ 300, ಆಧುನಿಕ ಪುಸ್ತಕದ ಪ್ರಕಾರ 206. ಹಲ್ಲು, ಉಗುರು, ಮೃದ್ವಸ್ಥಿಗಳನ್ನು ಯಾರು ಲೆಕ್ಕಕ್ಕೆ ಹಿಡಿದರು, ಯಾರು ಬಿಟ್ಟರು ಎಂಬುದನ್ನು ವಿವರಿಸಿ ಮೂರನ್ನೂ ಬರೆಯಬೇಕು. ಸಂಸ್ಕೃತ ಶ್ಲೋಕ, ಇಂಗ್ಲಿಷ್ ಪಠ್ಯಪುಸ್ತಕ, ಮೇಷ್ಟ್ರ ಕೊಂಕಣಿ ವಿವರಣೆ, ನನ್ನ ತಲೆಯೊಳಗೆ ಹುಬ್ಬಳ್ಳಿ ಕನ್ನಡ. ನಿಮಗೆ ಒಂದೇ ಲೆಕ್ಕ ಇರುವುದಕ್ಕೆ ಸಂತೋಷಪಡಿ.

ಕೊಥ್ರೂಡ್‌ನ ಸಾವಯವ ಅಂಗಡಿ

ಎಲ್ಲರೂ ಸೇರಿ ಆ ಹುಡುಗಿಯನ್ನು ಹೆದರಿಸುತ್ತಿದ್ದೀರಿ. ಅವಳ ಅಜ್ಜಿ ಯಾವ ಮೂಳೆಯ ಹೆಸರನ್ನು ಬಾಯಿಪಾಠ ಮಾಡಿದ್ದರು? ನೂರಾರು ವರ್ಷ ನಮ್ಮ ಹಳ್ಳಿಗಳು ನಾಟಿವೈದ್ಯರನ್ನು ನಂಬಿಯೇ ಬದುಕಿದವು. ವಾರಾಂತ್ಯದ ತರಗತಿಯನ್ನು ಹೀಗಳೆಯುವುದು ಪದವಿಯ ಅಹಂಕಾರವಷ್ಟೇ. ನಾನು ಸ್ವತಃ ಅಂಥ ತರಗತಿಗೆ ಹೋಗಿದ್ದೇನೆ, ಲೋಳೆಸರ, ಅಮೃತಬಳ್ಳಿ, ನೆಲನೆಲ್ಲಿಗಳ ಬಗ್ಗೆ ಅಲ್ಲಿ ಕಲಿತದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಕಾಂದಿವಲಿಯ ನಾಟಿವೈದ್ಯರ ಮಗ

ಅಂಗಡಿಯವರೇ, ನಾಟಿವೈದ್ಯರ ಹೆಸರು ಎತ್ತಿದಿರಿ, ಆದ್ದರಿಂದ ನಾನು ಬರೆಯಲೇಬೇಕು. ನಮ್ಮ ತಂದೆ ಊರಿನಲ್ಲಿ ಕಾಮಾಲೆಗೆ ಔಷಧ ಕೊಡುತ್ತಿದ್ದರು. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಬೆರೆಸಿ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಉಪ್ಪು ಹುಳಿ ಖಾರ ವರ್ಜ್ಯ. ಕಾಸು ಮುಟ್ಟುತ್ತಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಗುಣವಾಗಿ ಹೋಗುತ್ತಿದ್ದರು, ಹಬ್ಬಕ್ಕೆ ತೆಂಗಿನಕಾಯಿ ತಂದಿಡುತ್ತಿದ್ದರು. ಆ ಗೌರವದ ನೆರಳಿನಲ್ಲಿಯೇ ನಾನು ಬೆಳೆದದ್ದು.

ಒಂದು ಮಳೆಗಾಲದಲ್ಲಿ ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ನಮ್ಮೂರಿನವರೇ ಒಬ್ಬರು ಕಣ್ಣು ಹಳದಿಯಾಗಿ ಊರಿಗೆ ಬಂದರು. ತಂದೆ ಎಂದಿನಂತೆ ಔಷಧ ಕೊಟ್ಟರು. ಎರಡು ವಾರ ಕಳೆಯಿತು, ಇಳಿಯಲಿಲ್ಲ. ಪಥ್ಯ ಮುರಿದಿರಬೇಕೆಂದು ಮತ್ತೆ ಕೊಟ್ಟರು. ಆ ಮನುಷ್ಯ ಮೈಯೆಲ್ಲ ತುರಿಕೆ ಎನ್ನುತ್ತಿದ್ದರು, ಮಲ ಸುಣ್ಣದಂತೆ ಬಿಳಿಚಿಕೊಂಡಿದೆ ಎಂದು ಹೇಳಿದ್ದರು. ಅದನ್ನು ತಂದೆ ಕೇಳಿಸಿಕೊಂಡರು, ಆದರೆ ಅದರ ಅರ್ಥ ಅವರಿಗೆ ತಿಳಿದಿರಲಿಲ್ಲ. ಐದನೆಯ ವಾರದಲ್ಲಿ ಚಳಿಜ್ವರ ಬಂದು ಆಸ್ಪತ್ರೆಗೆ ಒಯ್ದಾಗ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವುದು ತಿಳಿಯಿತು. ಕೀವಾಗಿತ್ತು. ಪುಣ್ಯಕ್ಕೆ ಬದುಕಿಕೊಂಡರು. ತಂದೆ ಆಮೇಲೂ ಔಷಧ ಕೊಟ್ಟರು, ಆದರೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನತೊಡಗಿದರು. ಆ ಚೀಟಿಯನ್ನು ಓದಲು ಬಾರದೆ ನನ್ನ ಕೈಗೆ ಕೊಡುತ್ತಿದ್ದರು. ನನಗೂ ಬರುತ್ತಿರಲಿಲ್ಲ.

ಬೋರಿವಲಿಯ ಕುಟುಂಬ ವೈದ್ಯ

ಮೇಲಿನವರು ಬರೆದ ಘಟನೆಯಲ್ಲಿ ಹುಡುಗಿಯ 50ಕ್ಕೆ 17ರ ಉತ್ತರವೂ ಇದೆ. ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಒಡೆಯುತ್ತವೆ, ಅವುಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಯಕೃತ್ತು ಅದನ್ನು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ ಕರಗುವಂತೆ ಮಾಡಿ ಪಿತ್ತನಾಳದ ಮೂಲಕ ಕರುಳಿಗೆ ಕಳುಹಿಸುತ್ತದೆ, ಮಲಕ್ಕೆ ಕಂದು ಬಣ್ಣ ಬರುವುದು ಅಲ್ಲಿ ಆಗುವ ಮಾರ್ಪಾಡಿನಿಂದ. ನಾಳ ಕಟ್ಟಿಕೊಂಡರೆ ಜೋಡಣೆಯಾದ ಬಿಲಿರುಬಿನ್ ರಕ್ತಕ್ಕೆ ಹಿಮ್ಮರಳಿ ಮೂತ್ರದಲ್ಲಿ ಹೋಗುತ್ತದೆ. ಮೂತ್ರ ಗಾಢವಾಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಮೈ ತುರಿಸುತ್ತದೆ. ಯಕೃತ್ತಿನ ಊತದಲ್ಲಿಯೂ ಕೆಲವು ದಿನ ಹೀಗಾಗುವುದುಂಟು, ಆದರೆ ವಾರಗಟ್ಟಲೆ ನಿಂತರೆ ಸ್ಕ್ಯಾನಿಂಗ್ ಮಾಡಿಸದೆ ವಿಧಿಯಿಲ್ಲ.

ಮಳೆಗಾಲದಲ್ಲಿ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಎಂಬ ಯಕೃತ್ತಿನ ಸೋಂಕು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಏನನ್ನು ಕುಡಿಸಿರುತ್ತೇವೋ ಕೀರ್ತಿಯೆಲ್ಲ ಅದಕ್ಕೇ ಹೋಗುತ್ತದೆ. ನೆಲನೆಲ್ಲಿಯಲ್ಲಿ ಸತ್ವವಿಲ್ಲ ಎಂದು ನಾನು ವಾದಿಸುತ್ತಿಲ್ಲ. ಯಾರಿಗೆ ಅದನ್ನು ಕೊಡುತ್ತ ಕುಳಿತುಕೊಳ್ಳಬಾರದು ಎಂಬುದನ್ನು ಜೀವರಸಾಯನವೇ ಹೇಳಬೇಕು.

ಕೊಥ್ರೂಡ್‌ನ ಸಾವಯವ ಅಂಗಡಿ

ದೊಡ್ಡ ಆಸ್ಪತ್ರೆಗಳಲ್ಲಿ ರೋಗ ಗುರುತಿಸುವುದರಲ್ಲಿ ತಪ್ಪಾಗುವುದಿಲ್ಲವೇ ಡಾಕ್ಟರೇ?

ಬೋರಿವಲಿಯ ಕುಟುಂಬ ವೈದ್ಯ

ಧಾರಾಳವಾಗಿ ಆಗುತ್ತದೆ, ನನ್ನಿಂದಲೂ ಆಗಿದೆ. ಅಂಗರಚನೆ ಓದಿದವರೇ ತಪ್ಪುವಾಗ ಓದದವರು ತಪ್ಪುವುದಿಲ್ಲ ಎಂದು ಹೇಗೆ ನಂಬಲಿ?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಎಲ್ಲರೂ ಮೂಳೆಯ ಪಕ್ಷ ವಹಿಸಿದ್ದೀರಿ. ನಾನು ಹುಡುಗಿಯ ಪಕ್ಷ. ಮೂಳೆ ಬೇಡ ಎನ್ನುತ್ತಿಲ್ಲ, ಆದರೆ ಗಿಡಮೂಲಿಕೆಯ ಹೆಸರಿನಲ್ಲಿ ನಡೆಯುವ ಯಾವ ಶಿಕ್ಷಣವೇ ಆಗಲಿ, ಮೊದಲ ತಿಂಗಳಿನಿಂದಲೇ ಗಿಡವನ್ನು ಕೈಗೆ ಕೊಡದಿದ್ದರೆ ಅದು ದೋಷವೇ. ಮತ್ತು ನಲವತ್ತು ಗಿಡಗಳ ‘ಉಪಯೋಗ’ ಕಲಿತ ಗೆಳತಿಗೆ ನನ್ನದೊಂದು ಪ್ರಶ್ನೆಯಿದೆ: ಆ ನಲವತ್ತನ್ನು ಹೂವಿಲ್ಲದ ಕಾಲದಲ್ಲಿ ಬೇಲಿಯಲ್ಲಿ ಗುರುತಿಸಬಲ್ಲಳೇ?

ಅಜ್ಜಿಯ ಒಂದೆಲಗದಿಂದಲೇ ಆರಂಭಿಸೋಣ. ಕರಾವಳಿಯಲ್ಲಿ ಅದನ್ನು ಬ್ರಾಹ್ಮಿ ಎಂದೂ ಕರೆಯುತ್ತಾರೆ, ತುಳುವಿನಲ್ಲಿ ತಿಮರೆ. ಉದ್ದ ತೊಟ್ಟಿನ ತುದಿಯಲ್ಲಿ ಮೂತ್ರಪಿಂಡದ ಆಕಾರದ ಒಂದೇ ಎಲೆ, ಅಂಚಿನಲ್ಲಿ ಸಣ್ಣ ಕಚ್ಚುಗಳು, ಗಿಣ್ಣುಗಿಣ್ಣಿನಲ್ಲಿ ಬೇರು. ಅದು ಸೆಂಟೆಲ್ಲ ಏಷಿಯಾಟಿಕ, ಕೊತ್ತಂಬರಿಯ ಕುಟುಂಬದ್ದು, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಆಯುರ್ವೇದದ ಔಷಧಕೋಶ ಬ್ರಾಹ್ಮಿ ಎಂದು ಒಪ್ಪುವುದು ಬೇರೊಂದು ಗಿಡವನ್ನು. ಅದು ನೀರುಬ್ರಾಹ್ಮಿ, ಬಕೋಪ ಮೊನ್ನಿಯೇರಿ. ಅದರ ಎಲೆ ಚಿಕ್ಕದು, ದಪ್ಪ, ತೊಟ್ಟಿಲ್ಲದ್ದು, ಕಾಂಡದ ಮೇಲೆ ಎದುರುಬದುರಾಗಿ ಜೋಡಿಯಾಗಿರುತ್ತದೆ. ಕುಟುಂಬ ಬೇರೆ, ಒಳಗಿನ ರಾಸಾಯನಿಕಗಳೂ ಬೇರೆ. ಹೆಸರು ಮಾತ್ರ ಒಂದೇ. ಶಂಖಪುಷ್ಪಿಯದೂ ಇದೇ ಕಥೆ, ಕೇರಳದವರು ತೋರಿಸುವ ಗಿಡ ಒಂದು, ಉತ್ತರದವರು ತೋರಿಸುವುದು ಇನ್ನೊಂದು.

ಇದು ಬರಿಯ ಪಂಡಿತರ ಜಗಳವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಬಳಸಿದ ಚೀನೀ ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯ ಎಂಬ ಬೇರೆ ಬಳ್ಳಿಯ ಬೇರು ಸೇರಿಹೋಗಿ, ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಹಾಳಾದವು. ಚೀನೀ ಭಾಷೆಯಲ್ಲಿ ಎರಡರ ಹೆಸರುಗಳೂ ಹತ್ತಿರಹತ್ತಿರ. ನಮ್ಮ ಈಶ್ವರಬಳ್ಳಿಯೂ ಅದೇ ಅರಿಸ್ಟೊಲೋಕಿಯ ಜಾತಿಯದು, ಊರುಗಳಲ್ಲಿ ಇನ್ನೂ ಅದರ ಬೇರನ್ನು ತೇಯ್ದು ಕುಡಿಸುವವರಿದ್ದಾರೆ. ಕೊರೊನಾ ಕಾಲದಲ್ಲಿ ಇದೇ ಮುಂಬಯಿಯಲ್ಲಿ ಅಮೃತಬಳ್ಳಿಯ ಕಷಾಯ ಕುಡಿದು ಯಕೃತ್ತು ಕೆಟ್ಟ ಆರು ರೋಗಿಗಳ ವರದಿಯನ್ನು ವೈದ್ಯರು 2021ರಲ್ಲಿ ಪ್ರಕಟಿಸಿದರು.

ವಾಸ್ಕೊ ವಾಸಿ, ಆಯುರ್ವೇದ ವಿದ್ಯಾರ್ಥಿ

ಮೇಷ್ಟ್ರೇ, ಅರ್ಧವನ್ನೇ ಹೇಳಿದಿರಿ. ಆ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೇ ಎಂದು ಸರಿಯಾಗಿ ಗುರುತಿಸಿಲ್ಲ, ಅದೇ ಜಾತಿಯ ಟಿನೊಸ್ಪೊರ ಕ್ರಿಸ್ಪವೂ ಆಗಿರಬಹುದು ಎಂಬುದು ಅವರ ಆಕ್ಷೇಪ.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಒಪ್ಪಿದೆ, ಅದನ್ನು ನಾನು ಸೇರಿಸಬೇಕಿತ್ತು. ಆದರೆ ನೋಡು, ವೈದ್ಯರ ಮಾತು ಸರಿಯಾದರೂ ಸಚಿವಾಲಯದ ಮಾತು ಸರಿಯಾದರೂ ಪ್ರಶ್ನೆ ಬಂದು ನಿಲ್ಲುವುದು ಒಂದೇ ಕಡೆ: ಲೋಟದಲ್ಲಿ ಇದ್ದದ್ದು ಯಾವ ಬಳ್ಳಿ? ಕ್ರಿಸ್ಪದ ಕಾಂಡದ ಮೇಲೆ ನರಹುಲಿಯಂಥ ಗಂಟುಗಳು ದಟ್ಟವಾಗಿರುತ್ತವೆ. ಎಲೆಯನ್ನು ಮಾತ್ರ ನೋಡುವವನಿಗೆ ಅದು ಕಾಣುವುದಿಲ್ಲ.

ಥಾಣೆಯ ಔಷಧದಂಗಡಿ

ಗುರುತು ಸರಿಯಾದರೂ ಕೆಲಸ ಮುಗಿಯುವುದಿಲ್ಲ ಮೇಷ್ಟ್ರೇ. ನಮ್ಮ ಅಂಗಡಿಗೆ ಬಿ.ಪಿ. ಮಾತ್ರೆಗೆ ಬರುವ ಹಿರಿಯರೊಬ್ಬರು ಗಂಟಲಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಜ್ಯೇಷ್ಠಮಧು ಅಗಿಯುತ್ತಿದ್ದರು. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಇಳಿಸಿ ಒತ್ತಡ ಏರಿಸುತ್ತದೆ. ಮಾತ್ರೆ ಕೆಳಗೆ ಎಳೆಯುತ್ತದೆ, ಬೇರು ಮೇಲೆ ಎಳೆಯುತ್ತದೆ. ಡಾಕ್ಟರರಿಗೆ ಹೇಳಿದ್ದೀರಾ ಎಂದು ಕೇಳಿದರೆ, ‘ಅದೇನು ಔಷಧವೇ, ಕಡ್ಡಿಯಲ್ಲವೇ’ ಎಂದರು.

ಹಾಗೆಂದು ಗಿಡಗಳನ್ನು ಕೀಳಾಗಿ ಕಾಣುವವನು ನಾನಲ್ಲ. ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂದು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದವರು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್. ಅವರು ಹೃದಯದ ಒಳಹೊರಗನ್ನು ಬಲ್ಲ ತಜ್ಞರಾಗಿದ್ದರು, ಬೇರನ್ನೂ ಗೌರವಿಸಿದರು. ಎರಡೂ ಒಬ್ಬರಲ್ಲಿಯೇ ಇದ್ದವು.

ಮಡಗಾಂವ್‌ನ ಹಿರಿಯರು

ಗೋವಾದ ಮಾತು ಬಂದಿಲ್ಲವಾದ್ದರಿಂದ ಒಂದು ಸಾಲು. ಭಾರತದ ಮೂಲಿಕೆಗಳ ಬಗ್ಗೆ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಒರ್ಟ ಬರೆದ ಗ್ರಂಥ 1563ರಲ್ಲಿ ಗೋವಾದಲ್ಲಿಯೇ ಅಚ್ಚಾಯಿತು. ಅದು ಸಂಭಾಷಣೆಯ ರೂಪದಲ್ಲಿದೆ, ಇಲ್ಲಿ ನಾವೆಲ್ಲ ವಾದಿಸುತ್ತಿರುವ ಹಾಗೆಯೇ. ಪಣಜಿಯ ಉದ್ಯಾನಕ್ಕೆ ಅವನ ಹೆಸರಿದೆ, ಅಲ್ಲಿ ಕುಳಿತು ಕಡಲೆಕಾಯಿ ತಿನ್ನುವವರಿಗೆ ಅವನು ಯಾರೆಂದು ಗೊತ್ತಿಲ್ಲ.

ಪಿಂಪ್ರಿಯ ಗೃಹಿಣಿ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನೂ ಆ ವಾರಾಂತ್ಯದ ತರಗತಿಗೆ ಸೇರಬೇಕೆಂದಿದ್ದೆ. ಮುಗಿಸಿದರೆ ಪ್ರಮಾಣಪತ್ರ ಕೊಡುತ್ತಾರೆ, ಮನೆಯಲ್ಲಿಯೇ ಚಿಕಿತ್ಸೆ ಆರಂಭಿಸಬಹುದು ಎನ್ನುತ್ತಾರೆ. ನಿಜವೇ?

ಹಿರಿಯ ವಿದ್ಯಾರ್ಥಿನಿ, ಪುಣೆ

ಸ್ವಂತ ಮನೆಯ ಅಡುಗೆಗೆ, ಕೈತೋಟಕ್ಕೆ ಕಲಿಯುವುದಾದರೆ ಖಂಡಿತ ಸೇರಿ ಅಕ್ಕ. ಚಿಕಿತ್ಸೆ ಕೊಡಲು ಅದು ಸಾಲದು. ನಮ್ಮ ಪದವಿಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಆಸ್ಪತ್ರೆಯ ತರಬೇತಿ. ಅಷ್ಟಾದ ಮೇಲೂ ನಮಗೆ ತೊಡಕುಗಳಿವೆ. ಭಾರತೀಯ ವೈದ್ಯಪದ್ಧತಿಗಳಿಗಾಗಿ 2020ರಲ್ಲಿ ಬಂದ ಕೇಂದ್ರ ಆಯೋಗದ ಕಾಯ್ದೆಯಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಟಿಬೆಟ್ ಮೂಲದ ಸೋವಾ ರಿಗ್ಪ ಇವೆ, ಪ್ರಕೃತಿ ಚಿಕಿತ್ಸೆ ಇಲ್ಲ. ಆದ್ದರಿಂದ ನೋಂದಣಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ಡೊಂಬಿವಲಿಯ ತಂಗಿಗೂ ಈ ಮಾತು: ಕರ್ನಾಟಕದಲ್ಲಿ ಓದಿ ಮುಂಬಯಿಯಲ್ಲಿ ವೃತ್ತಿ ಮಾಡುವ ಯೋಚನೆಯಿದ್ದರೆ ಕೊನೆಯ ವರ್ಷದವರೆಗೆ ಕಾಯದೆ ಈಗಲೇ ವಿಚಾರಿಸು.

ಬೋರಿವಲಿಯ ಕುಟುಂಬ ವೈದ್ಯ

ಗೃಹಿಣಿಯವರಿಗೆ ಇನ್ನೊಂದು ವಿಷಯ. ತನಗೆ ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವವನು ನಕಲಿ ವೈದ್ಯನೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ. ಆ ಮೊಕದ್ದಮೆಯಲ್ಲಿ ತಪ್ಪಿತಸ್ಥರೆನಿಸಿದವರು ಹೋಮಿಯೋಪತಿಯ ಪದವಿ ಪಡೆದು, ಅಲೋಪತಿಯ ಔಷಧ ಕೊಟ್ಟವರು. ಪದವಿ ಇದ್ದವರಿಗೇ ಹೀಗೆ.

ಕೊಥ್ರೂಡ್‌ನ ಸಾವಯವ ಅಂಗಡಿ

ಸರಿ, ಚಿಕಿತ್ಸೆಯ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ಅವಳ ಒಂದು ಸಂಕಟಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಮೂಳೆ ಓದಲಿ, ಆದರೆ ಗಿಡವನ್ನು ಅವಳು ಎಲ್ಲಿ ಕಲಿಯಬೇಕು?

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಒಳ್ಳೆಯ ಪ್ರಶ್ನೆ, ಅಂಗಡಿಯವರೇ. ಮಗೂ, ವಾರಕ್ಕೆ ಒಂದೇ ಗಿಡ ಸಾಕು. ಬೇರು, ಹೂವು ಸಹಿತ ಒಂದು ರೆಂಬೆಯನ್ನು ಹಳೆಯ ದಿನಪತ್ರಿಕೆಗಳ ನಡುವೆ ಇಟ್ಟು ಮೇಲೆ ಭಾರ ಹೇರು, ಮಳೆಗಾಲದಲ್ಲಿ ದಿನಾ ಕಾಗದ ಬದಲಿಸು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಅಲ್ಲಿನವರು ಏನೆನ್ನುತ್ತಾರೆ ಎಂದು ಬರೆ. ನಿನಗೆ ಒಂದು ಅನುಕೂಲವಿದೆ, ನಾಲ್ಕು ಭಾಷೆ ಬರುತ್ತದೆ. ನಮ್ಮ ಅಮೃತಬಳ್ಳಿ ಮರಾಠಿಯಲ್ಲಿ ಗುಳವೇಲ, ಬಜೆ ವೇಖಂಡ, ಉತ್ತರಣೆ ಆಘಾಡಾ, ಲೋಳೆಸರ ಕೊರಫಡ. ನಾವು ಹಲವು ಮಕ್ಕಳ ತಾಯಿಬೇರು ಎನ್ನುವುದು ಅವರಿಗೆ ಶತಾವರಿ.

ಗಣೇಶ ಚತುರ್ಥಿಗೆ ಇಲ್ಲಿರುವುದಾದರೆ ಹಿಂದಿನ ದಿನ ದಾದರಿನ ಮಾರುಕಟ್ಟೆಗೆ ಹೋಗಿ ಇಪ್ಪತ್ತೊಂದು ಪತ್ರೆಗಳ ಕಟ್ಟನ್ನು ಕೊಂಡು ತಾ. ದೂರ್ವೆ, ಆಘಾಡಾ, ಶಮಿ, ಬಿಲ್ವ ಇವುಗಳನ್ನು ಬೇರ್ಪಡಿಸು. ಅದೇ ಕಟ್ಟಿನಲ್ಲಿ ಎಕ್ಕ, ಉಮ್ಮತ್ತಿ, ಕಣಗಿಲೆಯೂ ಇರುತ್ತವೆ. ಮೂರೂ ವಿಷ. ದೇವರ ತಲೆಯ ಮೇಲೆ ಏರಿದ ಎಲೆಯೆಲ್ಲ ಕಷಾಯಕ್ಕೆ ಇಳಿಯುವುದಿಲ್ಲ. ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದರೂ ಕೊಡು, ಅದು ನಿನ್ನ ಪ್ರಯೋಗಾಲಯದ ಶುಲ್ಕ.

ಡೊಂಬಿವಲಿಯ ಹುಡುಗಿ

ನಾಲ್ಕು ದಿನ ಉತ್ತರಿಸದೆ ಇದ್ದುದಕ್ಕೆ ಎಲ್ಲರೂ ಕ್ಷಮಿಸಬೇಕು. ಕಾಂದಿವಲಿಯ ಅಣ್ಣ ಬರೆದದ್ದನ್ನು ಓದಿದ ರಾತ್ರಿ ಬಿಲಿರುಬಿನ್ನಿನ ಅಧ್ಯಾಯವನ್ನು ಮತ್ತೆ ತೆಗೆದೆ. ಪರೀಕ್ಷೆಯಲ್ಲಿ ನಾನು ಬಿಟ್ಟುಬಂದ ಪ್ರಶ್ನೆಗಳಲ್ಲಿ ಅದೂ ಒಂದಾಗಿತ್ತು. ಈ ಸಲ ಮಾರ್ಗವನ್ನು ಬಾಯಿಪಾಠ ಮಾಡುವ ಬದಲು ಆ ಹೋಟೆಲಿನವರ ಕಲ್ಲು ಎಲ್ಲಿ ಸಿಕ್ಕಿಕೊಂಡಿರಬೇಕೆಂದು ಚಿತ್ರ ಬರೆದು ನೋಡಿದೆ.

ಮರುದಿನ ಅಮ್ಮನೊಂದಿಗೆ ಮಾಟುಂಗಾಕ್ಕೆ ಹೋಗಿ ನಮ್ಮ ಕಡೆಯ ತರಕಾರಿ ಮಾರುವವರಲ್ಲಿ ಬ್ರಾಹ್ಮಿ ಕೇಳಿದೆ, ಒಂದು ಕಟ್ಟು ಕೊಟ್ಟರು. ಬರುವ ದಾರಿಯಲ್ಲಿ ನರ್ಸರಿಯಲ್ಲಿಯೂ ಬ್ರಾಹ್ಮಿ ಕೇಳಿದೆ, ಒಂದು ಕುಂಡ ಕೊಟ್ಟರು. ಮೇಷ್ಟ್ರು ಹೇಳಿದಂತೆಯೇ ಎರಡೂ ಬೇರೆಬೇರೆ ಗಿಡಗಳು. ಮಾಟುಂಗಾದ್ದು ಅಜ್ಜಿಯ ಡಬ್ಬಿಯಲ್ಲಿರುವ ಒಂದೆಲಗವೇ, ಕುಂಡದ್ದು ದಪ್ಪ ಎಲೆಯ ನೀರುಬ್ರಾಹ್ಮಿ. ಎರಡನ್ನೂ ಪತ್ರಿಕೆಯಲ್ಲಿ ಒತ್ತಿಟ್ಟು ಹಾಳೆಗೆ ಹೊಲಿದು ಚಿತ್ರ ಹಾಕಿದ್ದೇನೆ. ಭಾನುವಾರ ರಾತ್ರಿಯ ರೈಲಿಗೆ ಕಾಲೇಜಿಗೆ ಹಿಂದಿರುಗುತ್ತಿದ್ದೇನೆ. ಗೆಳತಿಗೂ ಈ ಚರ್ಚೆಯನ್ನು ಕಳುಹಿಸಿದೆ, ಅವಳಿನ್ನೂ ಸಿಟ್ಟಿನಲ್ಲಿದ್ದಾಳೆ.

ಮುಲುಂದ್‌ನ ಅಮ್ಮ

ಮಿಕ್ಕ ಕಟ್ಟಿನಲ್ಲಿ ತಂಬುಳಿ ಮಾಡಿದಿರಾ ಇಲ್ಲವೇ? ಅದನ್ನು ಹೇಳಿ ರೈಲು ಹತ್ತು.

ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು, ಪುಣೆ

ಗುರುತು ಎರಡೂ ಸರಿಯಿದೆ. ಹೊಲಿಗೆಯೂ ಪರವಾಗಿಲ್ಲ. ಆದರೆ ಎರಡು ಹಾಳೆಗಳಲ್ಲಿಯೂ ದಿನಾಂಕವಿಲ್ಲ. ಮೊದಲನೆಯದರಲ್ಲಿ ಸ್ಥಳ ‘ಮಾಟುಂಗಾ’ ಎಂದು ಬರೆದಿದ್ದೀಯೆ, ಒಂದೆಲಗ ಮಾಟುಂಗಾದಲ್ಲಿ ಬೆಳೆಯಿತೇ? ಅದನ್ನು ಹೊಡೆದುಹಾಕಿ ‘ಮಾರುಕಟ್ಟೆಯಿಂದ ಕೊಂಡದ್ದು, ಬೆಳೆದ ಸ್ಥಳ ತಿಳಿಯದು’ ಎಂದು ಬರೆದು ಮತ್ತೆ ಚಿತ್ರ ಹಾಕು.